ತಪ್ಪು ಗ್ರಹಣದ್ದಲ್ಲ, ಉಂಗುರದ್ದು

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿದೆಯಾ? ಬೆಂಗಳೂರಿನ ನೆಹರೂ ತಾರಾಲಯದಲ್ಲಿ ಜನ ಗ್ರಹಣದ ಕನ್ನಡಕ ಹಾಕಿಕೊಂಡು ಸೂರ್ಯನನ್ನು ನೋಡುತ್ತಿದ್ದರೆ, ನಮ್ಮ ಬೀದಿಯ ಬಸುರಿಯರು ಕಿಟಕಿ ಮುಚ್ಚಿ ಒಳಗೆ ಕೂತಿದ್ದರು. ನೀರಿನ ಸಂಪಿಗೂ ದರ್ಭೆ ಬಿದ್ದಿತ್ತು. ದರ್ಭೆ ಇರಲಿ ಬಿಡಿ, ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದಾಗ 'ಗ್ರಹಣದ ಹೊತ್ತಲ್ಲಿ ಹೊರಗೆ ಹೋಗಿದ್ದಳು' ಅಂತ ಸೊಸೆಯ ತಲೆಗೆ ಕಟ್ಟುತ್ತಾರಲ್ಲ, ಅದು ಸಿಟ್ಟು ತರಿಸುತ್ತದೆ. ಡೌನ್ ಸಿಂಡ್ರೋಮ್ ಬರುವುದು ಕೋಶದಲ್ಲಿ ಕ್ರೋಮೋಸೋಮ್, ಅಂದರೆ ವಂಶವಾಹಿ ಹೊತ್ತ ಎಳೆ, ಒಂದು ಹೆಚ್ಚಾದಾಗ; ಬಹುಪಾಲು ಆ ಲೆಕ್ಕ ತಪ್ಪಿರುವುದು ಆಕೆ ಬಸುರಿಯಾಗುವ ಮೊದಲೇ.

ಮೈಟೋಸಿಸ್, ಅಂದರೆ ಮೈಯ ಒಂದು ಕೋಶ ಒಡೆದು ಎರಡಾಗುವುದು, ನಿಮಗೆ ಗೊತ್ತೇ ಇದೆ. ಗಾಯ ಮಾಯುವುದು ಅದರಿಂದಲೇ. 46 ಕ್ರೋಮೋಸೋಮ್ ನಕಲಾಗಿ, ಎರಡೂ ಕೋಶಕ್ಕೆ 46 ಸಿಗುತ್ತದೆ. ಜರ್ಮನ್ ವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ ಸಾಲಮ್ಯಾಂಡರ್ (ಕಪ್ಪೆಯಂಥ ಉಭಯಚರ) ಮರಿಗಳ ಕೋಶಕ್ಕೆ ಬಣ್ಣ ಹಾಕಿ ನೋಡಿ, 1882ರಲ್ಲೇ ಇದನ್ನೆಲ್ಲ ಚಿತ್ರ ಸಮೇತ ಪ್ರಕಟಿಸಿದ್ದರು.

ಮಜಾ ಇರುವುದು ಮಿಯೋಸಿಸ್‌ನಲ್ಲಿ, ಅಂದರೆ ಅಂಡಾಣು, ವೀರ್ಯಾಣು ತಯಾರಾಗುವಾಗಿನ ವಿಭಜನೆಯಲ್ಲಿ. ನಕಲು ಒಂದೇ ಸಲ, ವಿಭಜನೆ ಎರಡು ಸಲ, ಕೊನೆಗೆ ಉಳಿಯುವುದು 23. ಹೆಣ್ಣಿನ ಅಂಡಾಣುಗಳಲ್ಲಿ ಈ ಕೆಲಸ ಶುರುವಾಗುವುದು ಆಕೆ ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ! ಆಕೆಯ ಅಪ್ಪನಿಂದ ಬಂದ 21ನೇ ಕ್ರೋಮೋಸೋಮ್, ಆಕೆಯ ಅಮ್ಮನಿಂದ ಬಂದ 21ರ ಪಕ್ಕಕ್ಕೆ ಬಂದು ಜೋಡಿಯಾಗಿ, ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತದೆ. ಅಲ್ಲಿಗೆ ಕೆಲಸ ನಿಂತುಬಿಡುತ್ತದೆ. ವರ್ಷಗಟ್ಟಲೆ. ಮೈನೆರೆದ ಮೇಲೆ ಯಾವ ತಿಂಗಳು ಯಾವ ಅಂಡಾಣುವಿನ ಸರದಿಯೋ, ಆಗ ಅದರ ಮೊದಲ ವಿಭಜನೆ ಮುಗಿಯುತ್ತದೆ. ಎರಡನೆಯದು ಮುಗಿಯುವುದು ವೀರ್ಯಾಣು ಒಳಹೊಕ್ಕರೆ ಮಾತ್ರ. ಅಂದರೆ 35ರ ಹೆಂಗಸಿನ ಅಂಡಾಣು 35 ವರ್ಷಕ್ಕೂ ಜಾಸ್ತಿ ಕಾಲ ಅರ್ಧ ಕೆಲಸದಲ್ಲೇ ಕಾದಿರುತ್ತದೆ.

ಅಷ್ಟು ಕಾಲ ಆ ಜೋಡಿ ಬಿಚ್ಚಿಹೋಗದಂತೆ ಹಿಡಿದಿಡುವುದು ಕೊಹೆಸಿನ್ ಎಂಬ ಉಂಗುರದಾಕಾರದ ಪ್ರೋಟೀನ್. ಹಳೇ ಕಾಗದದ ಕಟ್ಟಿಗೆ ಹಾಕಿದ ರಬ್ಬರ್ ಬ್ಯಾಂಡ್ ಸುಮ್ನೆ ಇದ್ದಲ್ಲೇ ಒಣಗಿ, ಮುಟ್ಟಿದ ಕೂಡಲೇ ಪಟ್ಟನೆ ಹರಿಯುತ್ತದಲ್ಲ, ಇದೂ ಹಾಗೇ. ಇಲಿಗಳ ಅಂಡಾಣುವಿನಲ್ಲಿ ನೋಡಿದರೆ, ಹುಟ್ಟುವ ಮೊದಲು ಹಾಕಿಕೊಂಡ ಉಂಗುರಗಳಿಗೆ ಆಮೇಲೆ ಬದಲಿ ಬರುವುದೇ ಇಲ್ಲ. ಉಂಗುರ ಸವೆದರೆ ಎಳೆದಾಟದಲ್ಲಿ ಎರಡು 21 ಒಂದೇ ಕಡೆ ಉಳಿಯಬಹುದು. ವೀರ್ಯಾಣುವಿನದು ಸೇರಿ ಮೂರು, ಒಟ್ಟು 47. ಡೌನ್ ಸಿಂಡ್ರೋಮ್‌ನ ಈ 47 ಪ್ಯಾರಿಸ್‌ನಿಂದ ಪ್ರಕಟವಾದದ್ದು 1959ರಲ್ಲಿ. ಕೀರ್ತಿಯೆಲ್ಲ ಫ್ರೆಂಚ್ ವೈದ್ಯ ಜೆರೋಮ್ ಲೆಜೂನ್ ಅವರಿಗೆ ಹೋಯಿತು. ಲ್ಯಾಬಿನಲ್ಲಿ ಕೋಶ ಬೆಳೆಸಿದ ಮಾರ್ತ್ ಗೋತಿಯೆ ಎಂಬ ಹೆಂಗಸಿನ ಹೆಸರು ಎಷ್ಟೋ ಕಾಲ ಹಿಂದೆಯೇ ಉಳಿಯಿತು, ಇದೊಂದು ಬೇರೆಯೇ ಕಥೆ.

ತಾಯಿಗೆ 25 ಇದ್ದಾಗ ಡೌನ್ ಸಿಂಡ್ರೋಮ್ ಸಾಧ್ಯತೆ ಸುಮಾರು 1,250ಕ್ಕೆ ಒಂದು, 40 ಆದಾಗ ಸುಮಾರು 100ಕ್ಕೆ ಒಂದು. ಕೆಲವು ಸಲ ಆ ಹೆಚ್ಚಿನ 21 ಬರುವುದು ಅಪ್ಪನ ವೀರ್ಯಾಣುವಿನಿಂದ. ಅದನ್ನು ಮಾತ್ರ ಅತ್ತೆಮನೆಯಲ್ಲಿ ಯಾರೂ ಎತ್ತುವುದಿಲ್ಲ, ಅಲ್ವಾ?