ಬಾನಿಯ ನೀರು, ಎರೆಹೊಲದ ಬಿರುಕು

ಮೇ ತಿಂಗಳಲ್ಲಿ ಕಲಬುರಗಿ ಸುತ್ತಿನ ಎರೆಹೊಲ ನೋಡಿದ್ದೀರಾ? ಕೈ ಇಳಿಯುವಷ್ಟು ಬಿರುಕು. ನೀರಿನ ಪಸೆಯೂ ಇರುವುದಿಲ್ಲ.

ಆವಿ ಅಳೆಯುವ ಹವಾಮಾನ ಕೇಂದ್ರದ ಅಂಗಳಕ್ಕೆ ಹೋದರೆ ಬೇರೆಯದೇ ಕಥೆ. ಅಲ್ಲಿ ಮರದ ಚೌಕಟ್ಟಿನ ಮೇಲೆ ದುಂಡನೆಯ ಲೋಹದ ಬಾನಿ ಇರುತ್ತದೆ. ಅಗಲ ಸುಮಾರು 120 ಸೆಂಟಿಮೀಟರ್, ಆಳ 25. ಮೇಲೆ ತಂತಿ ಬಲೆ. ಬಲೆ ಇಲ್ಲದಿದ್ದರೆ ಕಾಗೆ ಕುಡಿದ ನೀರೂ ಆವಿಯ ಲೆಕ್ಕಕ್ಕೇ ಬೀಳುತ್ತದೆ, ಅಲ್ವಾ? ದಿನಾ ಬೆಳಗ್ಗೆ ನೀರು ಎಷ್ಟು ಇಳಿದಿದೆ ಅಂತ ಅಳೆಯುತ್ತಾರೆ. 1 ಮಿಲಿಮೀಟರ್ ಅಂದರೆ ಸುಮ್ನೆ ಅಲ್ಲ, ಎಕರೆಗೆ ಸುಮಾರು 4,000 ಲೀಟರ್. ಬೇಸಿಗೆಯಲ್ಲಿ ಈ ಬಾನಿ ಜೋರಾಗಿ ಖಾಲಿಯಾಗುತ್ತದೆ.

ಹಾಗಾದರೆ ಹೊಲದಿಂದಲೂ ಅಷ್ಟೇ ನೀರು ಹೋಯಿತಾ? ಹೋಗೋಕೆ ಅಲ್ಲಿ ಇದ್ದರೆ ತಾನೆ! ಬಾನಿ ತೋರಿಸುವುದು ಗಾಳಿ ಎಷ್ಟು ಹೀರಬಲ್ಲದು ಅನ್ನುವುದನ್ನು. ನೆಲ ಎಷ್ಟು ಕೊಟ್ಟಿತು ಅನ್ನುವುದು ಬೇರೆಯೇ ಲೆಕ್ಕ.

ಗಾಳಿಯ ಲೆಕ್ಕ ಮೊದಲು ಕೈಗೆ ಸಿಕ್ಕಿತು. ನೀರಿನ ಮೈಗೂ ಗಾಳಿಗೂ ಇರುವ ಆವಿಯ ಒತ್ತಡದ ವ್ಯತ್ಯಾಸ ಹೆಚ್ಚಿದಷ್ಟೂ ನೀರು ಬೇಗ ಆರುತ್ತದೆ ಅಂತ 1802ರ ಹೊತ್ತಿಗೆ ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ ಹೇಳಿದ್ದ. 1948ರಲ್ಲಿ ಈ ಹೀರುವಿಕೆಯನ್ನು ಲೆಕ್ಕ ಹಾಕುವ ಎರಡು ಸೂತ್ರಗಳು ಬಂದವು. ಅಮೆರಿಕದ ಥಾರ್ನ್‌ತ್ವೇಟ್‌ಗೆ ತಾಪಮಾನ, ಹಗಲಿನ ಉದ್ದ ಇಷ್ಟೇ ಸಾಕು. ಸುಲಭ, ಆದರೆ ನಮ್ಮ ಕಡೆಯ ಒಣ ಬಿಸಿಗಾಳಿಗೆ ಅದರಲ್ಲಿ ಜಾಗವೇ ಇಲ್ಲ. ಇಂಗ್ಲೆಂಡಿನ ಪೆನ್ಮನ್ ಬಿಸಿಲು, ತಾಪಮಾನ, ತೇವ, ಗಾಳಿ ನಾಲ್ಕನ್ನೂ ಸೇರಿಸಿದ. 1965ರಲ್ಲಿ ಮಾಂಟೀತ್ ಎಂಬ ವಿಜ್ಞಾನಿ, ಎಲೆಗಳು ತಮ್ಮೊಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುವುದನ್ನೂ ಈ ಸೂತ್ರದ ಲೆಕ್ಕಕ್ಕೆ ತಂದ. 1998ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನೇ ಎಲ್ಲರಿಗೂ ಒಂದು ಅಳತೆ ಮಾಡಿತು: ನೀರಿಗೆ ಕೊರತೆಯಿಲ್ಲದ, 12 ಸೆಂಟಿಮೀಟರ್ ಎತ್ತರದ ಹಸಿ ಹುಲ್ಲಿನಿಂದ ಎಷ್ಟು ನೀರು ಆವಿಯಾಗುತ್ತದೆ ಅನ್ನುವುದು. ಅದರಿಂದ ತೊಗರಿಗೆ ಎಷ್ಟು, ಜೋಳಕ್ಕೆ ಎಷ್ಟು ಅಂತ ಬೆಳೆಯ ವಯಸ್ಸು ನೋಡಿ ಗುಣಿಸುತ್ತಾರೆ.

ಮೇ ತಿಂಗಳ ಎರೆಯಲ್ಲಿ ಹಸಿ ಹುಲ್ಲು ಎಲ್ಲಿದೆ? ನನಗೆ ಇಷ್ಟವಾಗುವುದು 1963ರಲ್ಲಿ ಫ್ರಾನ್ಸಿನ ಬುಶೆ ಹೇಳಿದ ಮಾತು. ನೆಲ ಒಣಗಿದರೆ ಬಿಸಿಲಿನ ಶಾಖಕ್ಕೆ ಆರಿಸಲು ನೀರು ಸಿಗುವುದಿಲ್ಲ. ಆ ಶಾಖ ಗಾಳಿಯನ್ನೇ ಕಾಯಿಸುತ್ತದೆ, ಗಾಳಿ ಇನ್ನಷ್ಟು ಒಣಗುತ್ತದೆ, ಹೀರುವ ಬಲ ಏರುತ್ತದೆ. ಅಂದರೆ ಬಾನಿ ಅಷ್ಟು ಜೋರಾಗಿ ಖಾಲಿಯಾಗಲು ಸುತ್ತಲಿನ ಹೊಲ ಬರಿದಾಗಿರುವುದೂ ಒಂದು ಕಾರಣ.

ಹಿಂಗಾರಿ ಜೋಳದ ಸಾಲುಗಳ ನಡುವೆ ನಮ್ಮ ರೈತರು ಎಡೆ ಹೊಡೆಯುವುದು ಕಳೆ ತೆಗೆಯಲಿಕ್ಕೆ ಮಾತ್ರ ಅಲ್ಲ. ಮೇಲಿನ ಮಣ್ಣು ಪುಡಿಯಾಗಿ ಬಿರುಕಿಗೆ ಬೀಳುತ್ತದೆ. ಕೆಳಗಿನ ಹಸಿ ಇನ್ನೊಂದಷ್ಟು ದಿನ ಅಲ್ಲೇ ಉಳಿಯುತ್ತದೆ.