ಪದಕ ಆಮೇಲೆ, ಮೊದಲು ತಾರೀಖು

ಸಿನಿಮಾ ನಟನೊಬ್ಬ ಯುದ್ಧ ಮಾಡಿದ್ದ ಎಂಬ ಸಂದೇಶ ವಾಟ್ಸಾಪಿಗೆ ಬಂದರೆ ಎಲ್ಲರೂ ಮೊದಲು ನೋಡುವುದು ಪದಕ. ನೋಡಬೇಕಾದದ್ದು ತಾರೀಖು. ಧಾರವಾಡ, ಗದಗ ಕಡೆ ಮಾಜಿ ಸೈನಿಕರ ಮನೆಯ ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್ ಕಂಡವರಿಗೆ ಇದು ಗೊತ್ತು: ಭರ್ತಿಯಾದ ದಿನ, ಯಾವ ಯುನಿಟ್ಟು, ಬಿಟ್ಟುಬಂದ ದಿನ. ಈ ಮೂರು ತಾಳೆಯಾಗದಿದ್ದರೆ ಉಳಿದದ್ದು ಹರಟೆ.

ಹಾಲಿವುಡ್ಡಿನ ನಟ ಲೀ ಮಾರ್ವಿನ್ ಎರಡನೇ ಮಹಾಯುದ್ಧದಲ್ಲಿ ಜಪಾನಿನ ಐವೊ ಜಿಮಾ ದ್ವೀಪದಲ್ಲಿ ನೇವಿ ಕ್ರಾಸ್ ಪದಕ ಪಡೆದ, ಮಕ್ಕಳ ಟಿವಿ ಕಾರ್ಯಕ್ರಮದ ಬಾಬ್ ಕೀಶನ್ ಅಲ್ಲಿ ಜೊತೆಗಿದ್ದ ಎಂಬ ಕಥೆ ವರ್ಷಗಟ್ಟಲೆ ತಿರುಗುತ್ತಿದೆ. ಮಾರ್ವಿನ್ ಮರೀನ್ (ಹಡಗಿನಿಂದಿಳಿದು ನೆಲದ ಮೇಲೆ ಕಾದಾಡುವ ಅಮೆರಿಕದ ಪಡೆ) ಸೈನಿಕನಾಗಿದ್ದದ್ದು ನಿಜ. ಆದರೆ ಗಾಯಗೊಂಡದ್ದು 1944ರ ಜೂನಿನಲ್ಲಿ, ಸೈಪಾನ್ ದ್ವೀಪದಲ್ಲಿ. ಐವೊ ಜಿಮಾ ಕಾಳಗ ಶುರುವಾದದ್ದು 1945ರ ಫೆಬ್ರವರಿ 19ಕ್ಕೆ. ಅಷ್ಟೊತ್ತಿಗೆ ಆತ ರಣರಂಗದಲ್ಲೇ ಇರಲಿಲ್ಲ. ಕೀಶನ್ ಹುಟ್ಟಿದ್ದು 1927ರ ಜೂನಿನಲ್ಲಿ, ಸೈನ್ಯ ಸೇರುವಾಗ ಆ ಕಾಳಗ ಮುಗಿದೇಹೋಗಿತ್ತು. ಮಾರ್ವಿನ್‌ಗೆ ಸಿಕ್ಕಿದ್ದು ಪರ್ಪಲ್ ಹಾರ್ಟ್. ಶತ್ರುವಿನ ಏಟಿಗೆ ಗಾಯಗೊಂಡವರಿಗೆ ಅದನ್ನು ಕೊಡುತ್ತಾರೆ. ಶೌರ್ಯಕ್ಕೆ ಕೊಡುವ ನೇವಿ ಕ್ರಾಸ್ ಬೇರೆ. ಹೆಚ್ಚಿನವರು ಎಡವುವುದು ಇಲ್ಲೇ.

ಹಾಗಂತ ಕಾಗದ ಸಿಗಲಿಲ್ಲ ಎಂದ ಮಾತ್ರಕ್ಕೆ ಸುಳ್ಳು ಅನ್ನಲೂ ಬಾರದು. 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದ ಬಳಿ ಸೈನಿಕರ ದಾಖಲೆಗಳಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. 1912ರಿಂದ 1960ರವರೆಗೆ ಅಮೆರಿಕದ ಭೂಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು ಶೇ 80ರಷ್ಟು ಸುಟ್ಟುಹೋದವು. ನಕಲು ಇಟ್ಟಿರಲಿಲ್ಲ. ಎರಡನೇ ಮಹಾಯುದ್ಧದ ವೈಮಾನಿಕ ಪಡೆ ಭೂಸೇನೆಯದೇ ಅಂಗವಾಗಿದ್ದರಿಂದ ಅವರ ಕಡತಗಳೂ ಹೋದವು. ನೌಕಾಪಡೆ, ಮರೀನ್ ಕಡತಗಳು ಉಳಿದವು. ಕಡತ ಸುಟ್ಟುಹೋದವರ ಸೇವೆಯ ವಿವರವನ್ನು ಈಗ ಸಂಬಳದ ಪಟ್ಟಿ ಮತ್ತು ಯುನಿಟ್ಟಿನ ದಿನವಹಿ ವರದಿಗಳಿಂದ ಕೂಡಿಸಬೇಕು. ಹೆಸರು ಸಾಲದು, ಯುನಿಟ್ಟು ಮತ್ತು ತಿಂಗಳು ಗೊತ್ತಿದ್ದರೇ ಆ ಹುಡುಕಾಟ ಸಾಗುತ್ತದೆ.

ಬಾಂಬರ್ ವಿಮಾನದಲ್ಲಿದ್ದವರಾದರೆ ದಾಳಿಗಳ ಲೆಕ್ಕ ಕೇಳಿ. ಹಾಲಿವುಡ್ ನಟ ಜೇಮ್ಸ್ ಸ್ಟೀವರ್ಟ್ 1941ರಲ್ಲಿ ಸಾದಾ ಸಿಪಾಯಿಯಾಗಿ ಸೇರಿ, ಬಿ-24 ಬಾಂಬರ್ ನಡೆಸಿ, 20 ದಾಳಿಗೆ ಹೋಗಿ, 1945ರಲ್ಲಿ ಕರ್ನಲ್ ಆದ. 41ನೇ ವಯಸ್ಸಿಗೆ ಸೇರಿದ ಇನ್ನೊಬ್ಬ ನಟ ಕ್ಲಾರ್ಕ್ ಗೇಬಲ್‌ನದು 5 ದಾಳಿ. ಅವನನ್ನು ಕಳಿಸಿದ್ದೇ ಗನ್ನರ್‌ಗಳ (ವಿಮಾನದಿಂದ ಮಷೀನ್ ಗನ್ ಹಾರಿಸುವವರ) ಬಗ್ಗೆ ಚಿತ್ರ ತೆಗೆಯಲು. ಆದರೂ ಕೆಳಗಿನಿಂದ ಬಂದ ಗುಂಡಿಗೆ ಅದೆಲ್ಲ ಗೊತ್ತಿರಲಿಲ್ಲ!

ನಮ್ಮ ತಾರೆಯರ ಸಮವಸ್ತ್ರದ ಫೋಟೋ ಬಂದಾಗ ಇನ್ನೊಂದು ಪ್ರಶ್ನೆ: ಹುದ್ದೆ ಗೌರವಾರ್ಥವೋ? ಮೋಹನ್‌ಲಾಲ್ ಅವರಿಗೆ 2009ರಲ್ಲಿ ಟೆರಿಟೋರಿಯಲ್ ಆರ್ಮಿ (ಸೇನೆಯ ಅರೆಕಾಲಿಕ ಮೀಸಲು ಪಡೆ) ಕೊಟ್ಟ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಅಂಥದ್ದು. ಅದನ್ನು ಯುದ್ಧಸೇವೆ ಎಂದು ಬರೆದು ಕಳಿಸುವುದು ಮಾತ್ರ ಫಾರ್ವರ್ಡ್ ಮಾಡುವವರ ಕೈಚಳಕ.