ಸ್ಲಾಲಂ ಮಂದಿಗೆ ಮೆತ್ತನ್ನ ಹಿಮ ಬ್ಯಾಡ್ರಿ

ಮೊನ್ನೆ ಹುಬ್ಬಳ್ಳಿ ಮನ್ಯಾಗ ಪುರುಷರ ಸ್ಲಾಲಂ ಸ್ಕೀಯಿಂಗ್, ಅಂದ್ರ ಕಾಲಿಗೆ ಸ್ಕೀ ಹಲಗಿ ಕಟ್ಕೊಂಡು ಹಿಮದ ಇಳಿಜಾರಿನಾಗ ಕಂಬಗಳ ನಡುವ ಡೊಂಕುಡೊಂಕಾಗಿ ಜಾರಿ ಇಳಿಯೂ ರೇಸ್, ನೋಡ್ಕೋತ ಕುಂತಿದ್ದೆ, ಗದಗಿಂದ ಬಂದಿದ್ದ ಕಾಕಾ, ಆಯುಷ್ಯ ಎಲ್ಲಾ ಎರಿ ಹೊಲದಾಗ ಕಳದಾಂವ, ಒಬ್ಬಾಂವ ಬಿದ್ದದ್ದು ನೋಡಿ "ಬಿಡಪಾ, ಹತ್ತಿ ಅರಳಿ ಮ್ಯಾಲೆ ಬಿದ್ದಂಗ" ಅಂದ. ಅರಳಿ ಅಲ್ಲ ಕಾಕಾ, ಶಾಬಾದಿ ಫರ್ಸಿ ಅನ್ನು!

ಖರೇನ ಹಂಗೈತ್ರಿ. ದೊಡ್ಡ ರೇಸಿದ್ರ ಪ್ರೆಶರ್ ಕೊಟ್ಟು ಹಿಮದ ಹೊಟ್ಟ್ಯಾಗ ನೀರು ಹೊಗಸ್ತಾರ, ಅದು ಹೆಪ್ಪುಗಟ್ಟಿ ಕಲ್ಲಾಗತೈತಿ. ಬಿಸಿಲಿದ್ರ ಉಪ್ಪು ಉಗ್ಗತಾರ. ಉಪ್ಪಿಗೆ ಬರ್ಫ್ ಕರಗಬೇಕಲ್ಲ ಅಂತೀರಿ, ಹೌದು ಮ್ಯಾಲಿಂದ ಒಂದೀಟು ಕರಗತೈತಿ, ಆದ್ರ ಕರಗಾಕ ಶಾಖ ಬೇಕು, ಅದನ್ನ ಬಾಜೂಕಿನ ಹಸಿ ಹಿಮದಿಂದನ ಜಗ್ಗತೈತಿ, ಆ ಹಿಮ ಬಿಗೀತೈತಿ. ಜಾತ್ರ್ಯಾಗ ಕುಲ್ಫಿ ಮಾರಾಂವ ಬರ್ಫಿಗೆ ಉಪ್ಪು ಬೆರಸೂದೂ ಇದಕ್ಕ.

ಇಷ್ಟೆಲ್ಲಾ ಯಾಕಂದ್ರ, ಮ್ಯಾಲಿಂದ ತಳಕ್ಕ 180–220 ಮೀಟರ್ ಎತ್ತರ ಇಳಿಯೂ ಇಳಿಜಾರಿನಾಗ 55ರಿಂದ 75 ಗೇಟು, ಅಂದ್ರ ಕಂಬ ನೆಟ್ಟ ತಿರುವು, ಇರತಾವ, ಎಲ್ಲಾರೂ ಅದ ಕಂಬದ ಬಾಜೂಕ, ಅದ ಜಾಗಾದಾಗ ಸ್ಕೀ ಅಂಚು ಊರಿ ತಿರುಗತಾರ. ಮಳಿ ಆದಮ್ಯಾಲೆ ಎರಿ ದಾರ್ಯಾಗ ಮೊದಲ್ನೇ ಚಕ್ಕಡಿ ಆರಾಮ ದಾಟತೈತಿ, ಹತ್ತನೇದ್ದು ಜಾಡಿನಾಗ ಸಿಕ್ಕೋತೈತಿ, ಥೇಟ್ ಹಂಗ. ಬಿಗಿ ಇದ್ರ ಜಾಡು ಲಗೂನ ಬೀಳೂದಿಲ್ಲ. ವರ್ಲ್ಡ್ ಕಪ್‌ನ್ಯಾಗ ಎರಡು ಸಲ ಇಳೀಬೇಕು, ಮೊದಲ ರನ್ (ಇಳಿತ) ಆದಮ್ಯಾಲೆ ಮುಂದಿನ 30 ಮಂದಿ ಅಷ್ಟ ಉಳೀತಾರ, ಎರಡನೇದ್ದಕ್ಕ 30ನೇದಾಂವ ಮೊದಲು ಇಳೀತಾನ, ಎಲ್ಲಾರಕಿಂತ ಮುಂದಿದ್ದಾಂವ ಕಡೀಗೆ. ಅಂದ್ರ ಗೆಲ್ಲಾಂವಗ ಕೆಟ್ಟ ದಾರಿ! ಕಾಕಾಗ ಈ ನ್ಯಾಯ ಭಾಳ ಸೇರ್ತು.

ನನಗ ಸೇರೂದು ತಿರುಗೂ ಹೊತ್ತು. ನೃಪತುಂಗ ಬೆಟ್ಟ ಇಳಿಯೂ ಮುಂದ ಸೈಕಲ್ ವಾಲಸ್ತೀವಲ್ಲ, ಇವರು ಸೊಂಟ ಬರ್ಫಿಗೆ ತಾಗೂ ಹಂಗ ವಾಲತಾರ, ಕಾಲು ಕಂಬದ ಹೊರಗಿಂದ, ಎದಿ ಒಳಗಿಂದ. ಸ್ಕೀ ನಡುವ ಸಣ್ಣದು, ತುದಿಗೆ ಅಗಲ, ಹಿಂಗಾಗಿ ವಾಲಿಸಿ ಭಾರ ಹಾಕಿದ್ರ ಬಿಲ್ಲಿನಗತೆ ಬಾಗಿ ತಾನ ತಿರುಗತೈತಿ. ಮೈಗೆ ಹತ್ರದ ದಾರಿ, ಕಾಲಿಗೆ ಸುತ್ತಿನ ದಾರಿ. 1980ರ ದಶಕದಾಗ ಬುಡಕ್ಕ ಕೀಲಿರೋ ಕಂಬ ಬಂದಮ್ಯಾಲೆ ಇದು ಸಾಧ್ಯ ಆತು, ಮುಷ್ಟಿ ಮತ್ತ ಮೊಣಕಾಲ ಕೆಳಗಿನ ಗಾರ್ಡಿಂದ ಕಂಬ ಬಡದು ಮಲಗಿಸಿ ಹೋಗತಾರ. ಒಂದು ಸ್ಕೀ ತುದಿ ಕಂಬದ ತಪ್ಪು ಕಡೆ ಹೋತು, ಮುಗೀತು, ಔಟ್.

ನಮ್ಮ ದೇಶದ ಸ್ಕೀ ಆಟಗಾರ ಆರಿಫ್ ಖಾನ್, ಗುಲ್ಮಾರ್ಗ್ ಕಡ್ಯಾಂವ, 2022ರ ಬೀಜಿಂಗ್ ಒಲಿಂಪಿಕ್ಸ್‌ನ್ಯಾಗ ಜೈಂಟ್ ಸ್ಲಾಲಂದಾಗ (ಗೇಟು ದೂರ ದೂರ ಇರೋ ರೇಸ್) 45ನೇ ಬಂದ, ಸ್ಲಾಲಂದಾಗ ಮೊದಲ ರನ್ನೇ ಮುಗಿಸಾಕ ಆಗಲಿಲ್ಲ ಅಂತ ಹೇಳಿದೆ.

"ಆಂವಂದು ಎಷ್ಟನೇ ಚಕ್ಕಡಿ ಇತ್ತು?" ಅಂದ ಕಾಕಾ.

ಭಾಳ ಹಿಂದಿಂದು ಅಂದೆ.